ತಾರಸಿಯ ಹವಾಮಾನ ಕೇಂದ್ರಕ್ಕೆ ಯಾವ ಯುವಿ ಸೆನ್ಸರ್?

ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಮಳೆಮಾಪಕವಿತ್ತು, ಗಾಳಿಮಾಪಕವಿತ್ತು, ಅತಿನೇರಳೆ (ಯುವಿ) ಕಿರಣದ ಲೆಕ್ಕ ಮಾತ್ರ ಇರಲಿಲ್ಲ. ಅದಕ್ಕಾಗಿ ಎಂಎಲ್8511, ವಿಇಎಂಎಲ್6075, ಜಿಯುವಿಎ-ಎಸ್12ಎಸ್‌ಡಿ ಎಂಬ ಮೂರು ಚಿಪ್‌ಗಳನ್ನು ಒಂದೇ ಹಲಗೆಯ ಮೇಲೆ ಕೂರಿಸಿ ಬೇಸಿಗೆಯುದ್ದಕ್ಕೂ ಬಿಸಿಲಿಗಿಟ್ಟೆ.

ಎಂಎಲ್8511 ಜೋಡಿಸುವುದು ಸುಲಭ. ಆದರೆ ಅದು ಕತ್ತಲಲ್ಲೂ ಸುಮಾರು 1 ವೋಲ್ಟ್ ಕೊಡುತ್ತದೆ. ಅದನ್ನು ಕಳೆದ ಮೇಲೆಯೇ ಲೆಕ್ಕ ಶುರು. ಏಪ್ರಿಲ್ ಮಧ್ಯಾಹ್ನ, ಕಾದ ಹಲಗೆಯ ಮೇಲೆ ಕಪ್ಪು ಮುಚ್ಚಳ ಹಾಕಿ ನೋಡಿದರೆ ಆ ತಳಮಟ್ಟವೇ ಬೆಳಗಿನದಕ್ಕಿಂತ ಸರಿದಿತ್ತು. ಅಲ್ಲಿಗೆ ಅದನ್ನು ಕೈಬಿಟ್ಟೆ.

ವಿಇಎಂಎಲ್6075 ಕಾಗದದ ಮೇಲೆ ಎಲ್ಲಕ್ಕಿಂತ ಮೇಲು. ಅತಿನೇರಳೆಯ ಎರಡು ಪಟ್ಟೆಗಳಾದ ಯುವಿ-ಎ, ಯುವಿ-ಬಿ ಎರಡನ್ನೂ ಬೇರೆ ಬೇರೆ ಅಳೆಯುತ್ತದೆ, ಬೆಳಕು ಮತ್ತು ಅವಕೆಂಪಿನ ಬೆರಕೆಯನ್ನು ಕಳೆಯಲು ಇನ್ನೆರಡು ಅಂಕಿಗಳನ್ನೂ ಕೊಡುತ್ತದೆ. ಹಾಗೆ ಕಳೆಯಲು ತಯಾರಕರು ಕೊಟ್ಟ ನಾಲ್ಕು ಗುಣಾಂಕಗಳು ಬಯಲಿಗಿಟ್ಟ ಬರಿಯ ಚಿಪ್‌ಗೆ ಸರಿ. ಮೇಲೆ ಟೆಫ್ಲಾನ್ ಮುಚ್ಚಳ ಬಂದೊಡನೆ ನಾಲ್ಕನ್ನೂ ಹೊಸದಾಗಿ ಕಟ್ಟಬೇಕು. ಅದರ ತಯಾರಿಕೆಯೂ ನಿಂತಿದೆ, ಕೆಟ್ಟರೆ ಬದಲಿಗೆ ಹುಡುಕಾಟ.

ನನ್ನ ಒಲವು ಜಿಯುವಿಎ ಕಡೆಗೆ. ಅದು ಗ್ಯಾಲಿಯಂ ನೈಟ್ರೈಡ್‌ನ ಸರಳ ಫೋಟೋಡಯೋಡ್, ಅಂದರೆ ಬೆಳಕು ಬಿದ್ದರೆ ವಿದ್ಯುತ್ ಹರಿಸುವ ಬಿಡಿಭಾಗ. ಕಣ್ಣಿಗೆ ಕಾಣುವ ಬೆಳಕಿಗೆ ಬಹುತೇಕ ಕುರುಡು. ವೋಲ್ಟೇಜನ್ನು ಅಂಕಿಯಾಗಿಸುವ, ಎಡಿಎಸ್1115 ಎಂಬ 16 ಬಿಟ್‌ನ ಪರಿವರ್ತಕ ಸೇರಿಸಿದ ಮೇಲೆ ಓದು ಅಲುಗಾಡಲಿಲ್ಲ.

ಮುಚ್ಚಳದ ವಿಷಯದಲ್ಲಿ ಮೊದಲು ತಪ್ಪಿದೆ. ಫೋಟೋ ಚೌಕಟ್ಟಿನ ಗಾಜು ಹಾಕಿದ್ದೆ; ಚರ್ಮ ಸುಡುವ ಯುವಿ-ಬಿಯನ್ನು ಗಾಜು ಬಹುತೇಕ ನುಂಗಿಬಿಡುತ್ತದೆ. ಈಗ ಅರ್ಧ ಮಿಲಿಮೀಟರ್ ದಪ್ಪದ ಟೆಫ್ಲಾನ್ ಹಾಳೆಯಿಂದ ಒಂದು ರೂಪಾಯಿ ನಾಣ್ಯದಗಲದ ಬಿಲ್ಲೆ ಕತ್ತರಿಸಿ, ಡಬ್ಬಿಯ ಅಂಚಿಗಿಂತ ತುಸು ಮೇಲೆ ನಿಲ್ಲುವಂತೆ ಅಂಟಿಸಿದ್ದೇನೆ. ನೀರು ನಿಲ್ಲುವುದಿಲ್ಲ, ಓರೆ ಬಿಸಿಲೂ ಒಳಗೆ ಸೇರುತ್ತದೆ.

ನಿಜವಾದ ಕೆಲಸ ಅಳತೆ ಹೊಂದಿಸುವುದು. ಏಪ್ರಿಲ್ 24, ಶೂನ್ಯ ನೆರಳಿನ ದಿನ, ಮಧ್ಯಾಹ್ನ 12:18ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲಿದ್ದಾಗ, ಉಪಗ್ರಹ ಮಾಹಿತಿಯಿಂದ ಟೆಮಿಸ್ ಸೇವೆ ಕೊಡುವ ನಿರಭ್ರ ಆಕಾಶದ ಯುವಿ ಸೂಚ್ಯಂಕಕ್ಕೆ (ಚರ್ಮ ಸುಡುವ ಕಿರಣದ ಬಲ ಹೇಳುವ ಅಂಕಿ) ನನ್ನ ಓದನ್ನು ಸರಿಹೊಂದಿಸಿದೆ. ಮಧ್ಯಾಹ್ನಕ್ಕೆ ಅದು ಸರಿಯಾಯಿತು. ಬೆಳಗ್ಗೆ 8ರ ಓದು ಮಾತ್ರ ಇರಬೇಕಾದುದರ ಇಮ್ಮಡಿಯಷ್ಟು! ಕಾರಣ ಓಝೋನ್. ಸೂರ್ಯ ಓರೆಯಾದಷ್ಟೂ ಕಿರಣ ಹೆಚ್ಚು ಓಝೋನ್ ಹಾದು ಬರಬೇಕು, ಯುವಿ-ಬಿ ಬೇಗ ಕುಸಿಯುತ್ತದೆ. ಸೂರ್ಯ ನೆತ್ತಿಯಿಂದ 60 ಡಿಗ್ರಿ ವಾಲಿದಾಗ ಸೂಚ್ಯಂಕ ನೆತ್ತಿಯ ಮೇಲಿದ್ದಾಗಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಯುವಿ-ಎ ಅಷ್ಟು ಇಳಿಯುವುದಿಲ್ಲ, ಜಿಯುವಿಎಗೆ ಕಾಣುವುದು ಬಹುಪಾಲು ಅದೇ. ಆದ್ದರಿಂದ ಒಂದೇ ಗುಣಕ ಸಾಲದು. ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಪ್ರತಿ 10 ಡಿಗ್ರಿಗೆ ಒಂದು ಗುಣಕ ಬರೆದಿಟ್ಟು ಪಟ್ಟಿ ಮಾಡಿದೆ. ಗಡಿಯಾರ ನೋಡಿ ಕೋನ ಲೆಕ್ಕ ಹಾಕುವ ಪ್ರೋಗ್ರಾಂ ಆ ಪಟ್ಟಿಯನ್ನೇ ಬಳಸುತ್ತದೆ.

ಆಗಸ್ಟ್ 18ಕ್ಕೆ ಸೂರ್ಯ ಮತ್ತೆ ನೆತ್ತಿಗೆ ಬರುತ್ತಾನೆ. ಮಳೆಮೋಡ ಬಿಟ್ಟುಕೊಟ್ಟರೆ ಬಿಲ್ಲೆಯನ್ನು ಮೊದಲು ಧೂಳಿನೊಂದಿಗೆ, ಆಮೇಲೆ ಒರೆಸಿ, ಎರಡು ಬಾರಿ ಅಳೆದು ಏಪ್ರಿಲ್‌ನ ಅಂಕಿಯ ಪಕ್ಕ ಬರೆದಿಡುತ್ತೇನೆ.