ದೋಣಿಯ ನೀರಡಿ ಎಲ್‌ಇಡಿ ದೀಪ: ಬೆಳಕಿಗೆ ಪೂರ್ಣ ಅಂಕ, ಸ್ಕ್ರೂಗೆ ಸೊನ್ನೆ

ಹೊನ್ನಾವರದ ಶರಾವತಿ ಅಳಿವೆಯಲ್ಲಿ ಪ್ರವಾಸಿಗರನ್ನು ಕಾಂಡ್ಲಾ (ಮ್ಯಾಂಗ್ರೋವ್) ವನದ ಕಡೆಗೆ ಕರೆದೊಯ್ಯುವ ಸಣ್ಣ ಫೈಬರ್ ದೋಣಿ ನನ್ನದು. ಅದರ ಹಿಂಬದಿಯ ಹಲಗೆಗೆ, ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ, ಎಂಜಿನ್ನಿನ ಎಡಕ್ಕೊಂದು ಬಲಕ್ಕೊಂದು ಕೂರಿಸಿದ ದೀಪಗಳ ವಿಚಾರ ಇದು. ಜೋಡಿಗೆ ಸುಮಾರು ಒಂಬತ್ತು ಸಾವಿರ ಕೊಟ್ಟಿದ್ದೆ. ಅವು ಎರಡು ಮಳೆಗಾಲ ದಾಟಿವೆ. ಬೆಳಕಿನ ಪ್ರಮಾಣ ಹೇಳುವ ಲ್ಯೂಮೆನ್ ಲೆಕ್ಕ ಪೆಟ್ಟಿಗೆಯ ಮೇಲೆಯೇ ಇರುವುದರಿಂದ ಅದನ್ನು ಬಿಡುತ್ತೇನೆ.

ಮೊದಲು ಖುಷಿಯ ಮಾತು. ನಾನು ಆರಿಸಿದ್ದು ಹಸಿರು ಬಣ್ಣ. ನಮ್ಮ ಅಳಿವೆಯ ನೀರಿನಲ್ಲಿ ಮಣ್ಣೂ ಇರುತ್ತದೆ, ಕೊಳೆತ ಎಲೆಯ ಬಣ್ಣವೂ ಇರುತ್ತದೆ. ಬಿಳಿ ಬೆಳಕು ಆ ಕಣಗಳಿಗೆ ಬಡಿದು ಕಣ್ಣಿಗೇ ಮರಳುತ್ತದೆ, ನೀಲಿ ಹತ್ತಿರದಲ್ಲೇ ಇಂಗಿಹೋಗುತ್ತದೆ, ಹಸಿರು ಮಾತ್ರ ದೂರ ಹಾಯುತ್ತದೆ. ಸಂಜೆ ದಕ್ಕೆಗೆ ಹಗ್ಗ ಕಟ್ಟಿ ದೀಪ ಹಾಕಿದರೆ ಮೊದಲು ಬರುವುದು ಬೆರಳುದ್ದದ ಮರಿಮೀನುಗಳು. ಆಮೇಲೆ ಸಿಗಡಿ. ಅದರ ಮೈ ಕಾಣಿಸುವುದೇ ಇಲ್ಲ. ಎರಡು ಕೆಂಪು ಚುಕ್ಕಿಗಳು ಮೆಲ್ಲಗೆ ಹಿಂದಕ್ಕೆ ಸರಿಯುತ್ತವೆ, ಅವು ಅದರ ಕಣ್ಣು. ಪ್ರವಾಸಿಗರ ಮಕ್ಕಳು ದಕ್ಕೆಯ ಮೇಲೆ ಹೊಟ್ಟೆಯಡಿ ಮಲಗಿ ನೋಡುತ್ತಾರೆ, ಎಬ್ಬಿಸಿದರೂ ಏಳುವುದಿಲ್ಲ. ಕಾಸು ಕೊಟ್ಟು ಕೊಂಡ ವಸ್ತು ಇಷ್ಟು ಜನರಿಗೆ ಸಂತೋಷ ಕೊಟ್ಟದ್ದನ್ನು ನಾನು ಬೇರೆ ಕಂಡಿಲ್ಲ.

ಆದರೆ ದೋಣಿ ಓಡುವಾಗ ಈ ದೀಪವನ್ನು ಹಾಕಬಾರದು. ಹಸಿರು ಎಂದರೆ ದೋಣಿಯ ಬಲಬದಿಯ ಸಂಚಾರ ದೀಪದ ಬಣ್ಣ. ಸಂಚಾರ ದೀಪವೆಂದು ಭ್ರಮೆ ಹುಟ್ಟಿಸುವ ಬೇರೆ ಬೆಳಕು ಇರಕೂಡದೆಂದು 1972ರ ಅಂತರರಾಷ್ಟ್ರೀಯ ಸಮುದ್ರ ಸಂಚಾರ ನಿಯಮವೇ ಹೇಳುತ್ತದೆ. ಇನ್ನೊಂದು ಸಂಗತಿಯೂ ಇದೆ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಬೆಳಕಿಗೆ ಮುತ್ತುವ ಮರಿಗಳೆಲ್ಲ ಬಲೆಗೆ ಬಿದ್ದರೆ ನಾಡದೋಣಿಯವರ ಪಾಲಿಗೆ ಉಳಿಯುವುದೇನು? ಹೊಸದರಲ್ಲಿ ನೆರೆಯ ಹಿರಿಯ ಮೀನುಗಾರರೊಬ್ಬರು, "ಇದೇನು ತಮ್ಮಾ, ನೀನೂ ಲೈಟ್ ಫಿಶಿಂಗ್ ಶುರು ಮಾಡಿದೆಯಾ?" ಎಂದು ಕೇಳಿಯೇ ಬಿಟ್ಟರು. ಅವರನ್ನು ದೋಣಿಗೆ ಹತ್ತಿಸಿ ತೋರಿಸಿದೆ. ನಮ್ಮಲ್ಲಿ ಬಲೆ ಇಳಿಯುವುದಿಲ್ಲ, ನೋಡುವ ಜನ ಹೋದ ಮೇಲೆ ದೀಪವೂ ಉರಿಯುವುದಿಲ್ಲ.

ದಿನದ ಕೊನೆಯ ಕೆಲಸ ಗಾಜು ಒರೆಸುವುದು. ಹಿಂಬದಿಯಿಂದ ಬಾಗಿ, ಹಳೆಯ ಬೈರಾಸಿನ ತುಂಡು ಹಿಡಿದು ಭುಜದವರೆಗೆ ಕೈ ಇಳಿಸಿ ಗಾಜನ್ನು ಸುತ್ತಿಸಿ ತಿಕ್ಕುತ್ತೇನೆ. ಬೆರಳಿಗೆ ಜಾರುವ ಲೋಳೆ ಹೋಗಿ ಗಾಜು ಕಿರ್ರೆಂದರೆ ಕೆಲಸ ಮುಗಿಯಿತು. ಕೆಲವು ದಿನ ಬಿಟ್ಟರೆ ಲೋಳೆಯ ಮೇಲೆ ಬಿಳಿ ಚಿಪ್ಪಿನ ಹುಳುಗಳು ಕೂರುತ್ತವೆ. ಆಗ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚು ಬೇಕು. ಚಾಕು ಹಾಕಿದರೆ ಗಾಜಿನ ಸುತ್ತಲಿನ ರಬ್ಬರ್ ಹರಿಯುತ್ತದೆ.

ಹೀಗೆ ಒರೆಸುವಾಗಲೇ ಕೈಗೆ ಒರಟು ಸಿಕ್ಕಿತು. ದೋಣಿ ಮೇಲೆಳೆದು ನೋಡಿದರೆ ಬಿಳಿ ಫೈಬರಿನ ಮೇಲೆ ಕಂದು ಗೆರೆ ಇಳಿದಿತ್ತು. ದೀಪದ ಜೊತೆ ಕಂಪನಿಯೇ ಕೊಟ್ಟ ಸ್ಕ್ರೂವಿನ ತುಕ್ಕು ಅದು. ಬಿಚ್ಚಲು ಹೋದರೆ ತಲೆ ಕಳಚಿ ಕೈಗೆ ಬಂತು, ಒಳಗಿನ ದೇಹ ಅರ್ಧಕ್ಕಿಂತ ತೆಳುವಾಗಿತ್ತು. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಆಮ್ಲಜನಕದಿಂದ ಮೂಡುವ ತೆಳುಪೊರೆ. ದೀಪದ ಅಡಿಯ ಸಂದಿಯಲ್ಲಿ ನಿಂತ ಉಪ್ಪುನೀರಿಗೆ ಆಮ್ಲಜನಕ ಸಾಲದೆ ಪೊರೆ ಕೆಡುತ್ತದೆ, ಲೋಹವನ್ನು ಉಪ್ಪು ಕೊರೆಯುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಎರಡು ಮೂರು ಶೇಕಡಾ ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಅದು ಹೆಚ್ಚು ತಡೆಯುತ್ತದೆ. 304 ದರ್ಜೆಗೆ ಆ ಬಲವಿಲ್ಲ. ನನ್ನ ಸಿಟ್ಟು ತುಕ್ಕಿನ ಕಲೆಯ ಮೇಲಲ್ಲ. ಆ ತೂತು ನೀರಿನ ಮಟ್ಟದ ಕೆಳಗಿದೆ, ಹಲಗೆಯ ಒಳಗೆ ಪ್ಲೈವುಡ್ ಇದೆ. ಸ್ಕ್ರೂ ಸವೆದು ನೀರು ಒಳಹೊಕ್ಕರೆ ಎಂಜಿನ್ ಹೊತ್ತ ಹಲಗೆಯೇ ಕೊಳೆಯುತ್ತದೆ. ಕಂಪನಿಗೆ ಫೋನ್ ಮಾಡಿದರೆ, "ದೀಪ ಉರಿಯುತ್ತಿದೆಯಲ್ಲ ಸರ್, ವಾರಂಟಿ ದೀಪಕ್ಕೆ ಮಾತ್ರ" ಎಂಬ ಉತ್ತರ ಬಂತು. ಜನರನ್ನು ಕೂರಿಸಿಕೊಂಡು ಹೋಗುವವನಿಗೆ ಕೊಡುವ ಉತ್ತರವೇ ಅದು?

ತಲೆಯ ಮೇಲೆ ಎ4 ಎಂಬ ಅಚ್ಚಿರುವ ಬೋಲ್ಟ್ ಹುಡುಕಿ ತಂದೆ; 316ರ ಗುರುತು ಅದು. ಎ2 ಎಂದಿದ್ದರೆ 304. ಹಲಗೆ ಪೂರ್ತಿ ಒಣಗಿದ ಮೇಲೆ ತೂತಿಗೆ ಸಮುದ್ರ ಬಳಕೆಯ ಪಾಲಿಯುರೆಥೇನ್ ಸೀಲೆಂಟ್ ತುಂಬಿ ಕೂರಿಸಿದೆ. ಖರ್ಚು ದೀಪದ ಬೆಲೆಯ ಮುಂದೆ ಏನೇನೂ ಅಲ್ಲ. ಆಮೇಲೆ ಕಂದು ಗೆರೆ ಮರಳಿಲ್ಲ, ನನ್ನ ಸಿಟ್ಟೂ ಸ್ವಲ್ಪ ಇಳಿದಿದೆ. ಯಾಕೆಂದರೆ ದೀಪದ ಒಳಗೆ ಇವತ್ತಿಗೂ ಒಂದು ಹನಿ ತೇವವಿಲ್ಲ, ತವರ ಲೇಪಿಸಿದ ತಂತಿ ಕಪ್ಪಾಗಿಲ್ಲ.

ಕೊಳ್ಳುವವರು ಧೂಳು, ನೀರು ಒಳಹೋಗದೆಂದು ಹೇಳುವ ಐಪಿ68 ಎಂಬ ಗುರುತನ್ನೊಂದೇ ನಂಬಬೇಡಿ. ಎಷ್ಟು ಆಳಕ್ಕೆ, ಎಷ್ಟು ಹೊತ್ತಿಗೆ ಎಂಬುದನ್ನು ತಯಾರಕರೇ ನಿಗದಿ ಮಾಡುತ್ತಾರೆ, ಉಪ್ಪುನೀರಿನ ಮಾತು ಅದರಲ್ಲಿಲ್ಲ. 12 ವೋಲ್ಟಿನದೇ ಇರಲಿ. ಜನ ಕೈಯಾಡಿಸುವ ನೀರಿಗೆ 230 ವೋಲ್ಟ್ ಇಳಿಸುವ ಮಾತೇ ಬೇಡ. ನನ್ನ ಒಂದೊಂದು ದೀಪಕ್ಕೂ ಬ್ಯಾಟರಿಯ ಪಕ್ಕದಲ್ಲೇ 3 ಆಂಪಿಯರ್ ಫ್ಯೂಸ್ ಇದೆ. ದೋಣಿ ದಡದಲ್ಲಿದ್ದಾಗ ಪರೀಕ್ಷೆಗೆಂದು ದೀಪವನ್ನು ಹೆಚ್ಚು ಹೊತ್ತು ಉರಿಸಬೇಡಿ, ಅದನ್ನು ತಣ್ಣಗಿಡುವುದು ಸುತ್ತಲಿನ ನೀರೇ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಕಂಪನಿ ಪೆಟ್ಟಿಗೆಯಲ್ಲಿ ಎ4 ಬೋಲ್ಟ್ ಇಟ್ಟು ಕಳಿಸಿದ ದಿನ ಉಳಿದ ಒಂದೂವರೆಯನ್ನೂ ಸೇರಿಸುತ್ತೇನೆ.