ದೋಣಿಗೆ ಸಿಗಡಿ ಟ್ಯಾಂಕ್ ಕೂರಿಸುವವರು ಹೊರಪೈಪನ್ನು ಮೊದಲು ನೋಡಿಕೊಳ್ಳಿ

ಕಳೆದ ಜನವರಿಯ ಒಂದು ಭಾನುವಾರ ಗಂಗೊಳ್ಳಿ ಅಳಿವೆಯ ಒಳಮಗ್ಗುಲಲ್ಲಿ, ಮೂವತ್ತು ಸಿಗಡಿ ಬದುಕಿಸಿಟ್ಟುಕೊಳ್ಳುವ ಆಸೆಗೆ ನಾನೂ ನನ್ನ ಭಾವನೂ ದೋಣಿ ಸಮೇತ ಮುಳುಗುವುದರಲ್ಲಿದ್ದೆವು. ನಾನೇ ಕೈಯಾರೆ ಕೂರಿಸಿದ ಟ್ಯಾಂಕು, ನಾನೇ ದುಡ್ಡು ಕೊಟ್ಟು ತಂದ ಪಂಪು, ಇವೆರಡೂ ಸೇರಿ ನಮ್ಮ ಕಾಲಡಿಯಲ್ಲೇ ದೋಣಿಗೆ ನೀರು ತುಂಬಿಸಿದವು. ಈಚೆಗೆ ಮೂರ್ನಾಲ್ಕು ಗೆಳೆಯರು ಅಂಥದ್ದೇ ಟ್ಯಾಂಕ್ ಮಾಡಿಸುತ್ತಿದ್ದೇವೆ, ಅಳತೆ ಕೊಡು ಎಂದು ಕೇಳಿದರು. ಅಳತೆ ಕೊಡುವ ಬದಲು ಆದದ್ದನ್ನು ಬರೆಯುತ್ತಿದ್ದೇನೆ.

ನಾನು ಕಸುಬಿನ ಮೀನುಗಾರನಲ್ಲ, ಭಾನುವಾರದ ಗಾಳದವನು. ಹದಿನಾಲ್ಕು ಅಡಿಯ ಫೈಬರ್ ದೋಣಿ, ಹಿಂದೆ 9.9 ಎಚ್‌ಪಿ ಎಂಜಿನ್. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಬಂದು ಸೇರುವ ಪಂಚಗಂಗಾವಳಿಯಲ್ಲಿ ಸೇತುವೆ ಕಂಬಗಳ ಬುಡ, ಕಾಂಡ್ಲಾ ಗಿಡಗಳ ಅಂಚು, ಇಷ್ಟೇ ನನ್ನ ಓಡಾಟ. ಅಲ್ಲಿಯ ಕೆಂಬೇರಿ, ಕುರುಡಿ ಮೀನುಗಳಿಗೆ ಸತ್ತ ಸಿಗಡಿ ಹಾಕಿದರೆ ಕೆಲವೊಮ್ಮೆ ಕಚ್ಚುತ್ತವೆ, ಹೆಚ್ಚಿನ ಸಲ ಏಡಿಗಳು ತಿಂದು ಮುಗಿಸುತ್ತವೆ. ಬಾಲ ಬಡಿಯುವ ಜೀವಂತ ಸಿಗಡಿಯಾದರೆ ಕತೆಯೇ ಬೇರೆ. ಬೆಳಿಗ್ಗೆ ಆರಕ್ಕೆ ಬಲೆಯವರಿಂದ ಕೊಂಡ ಸಿಗಡಿ ಬಕೆಟ್ಟಿನಲ್ಲಿ ಎಂಟು ಗಂಟೆಗೆಲ್ಲ ಬೆಳ್ಳಗಾಗಿ ಮಲಗುತ್ತಿದ್ದವು. ಅದಕ್ಕೇ ಟ್ಯಾಂಕ್: ಪಂಪು ಹೊಸ ನೀರು ತುಂಬುತ್ತಲೇ ಇರಬೇಕು, ಹೆಚ್ಚಾದದ್ದು ಹೊರಪೈಪಿನಿಂದ ದೋಣಿಯಾಚೆ ಹೋಗಬೇಕು.

ಮೊದಲ ತಪ್ಪು ಗುಜರಿ ಅಂಗಡಿಯಲ್ಲೇ ಆಯಿತು. ನೀಲಿ ಪ್ಲಾಸ್ಟಿಕ್ ಡ್ರಮ್ ಅಗ್ಗಕ್ಕೆ ಸಿಕ್ಕಿತು. ಒಳಗೆ ಏನಿತ್ತೋ ಅಂಗಡಿಯವನಿಗೂ ಗೊತ್ತಿಲ್ಲ. ಸೋಪು ಹಾಕಿ ತೊಳೆದೆ, ಬಿಸಿಲಿಗಿಟ್ಟೆ, ವಾಸನೆ ಹೋಯಿತು ಅಂದುಕೊಂಡೆ. ಮನೆಯಂಗಳದ ಪರೀಕ್ಷೆಯಲ್ಲಿ ಹತ್ತು ಸಿಗಡಿಯೂ ಅರ್ಧ ಗಂಟೆಯಲ್ಲಿ ಅಡ್ಡಬಿದ್ದವು. ಪ್ಲಾಸ್ಟಿಕ್ ಹೀರಿಕೊಂಡದ್ದನ್ನು ಮತ್ತೆ ನೀರಿಗೆ ಬಿಡುತ್ತದೆ. ಆಹಾರ ಪದಾರ್ಥ ತುಂಬಿದ್ದ ಡ್ರಮ್ ಅಂತ ಖಾತ್ರಿ ಇಲ್ಲದಿದ್ದರೆ ಮುಟ್ಟಬೇಡಿ. ಎರಡನೆಯ ಡ್ರಮ್ಮನ್ನು ಬೇಕರಿಯವರಿಂದ ತಂದೆ.

ಎರಡನೆಯದ್ದು ಹಿತ್ತಾಳೆ. ಗಟ್ಟಿಯಾಗಿರಲಿ ಅಂತ ನಲ್ಲಿ, ನಿಪ್ಪಲ್ ಎಲ್ಲ ಹಿತ್ತಾಳೆಯದೇ ಹಾಕಿಸಿದೆ. ಉಪ್ಪುನೀರಿಗೆ ಹಿತ್ತಾಳೆ ಸಿಕ್ಕರೆ ತಾಮ್ರ ಬಿಡುತ್ತದೆ, ಸಿಗಡಿ-ಏಡಿಗಳ ಜಾತಿಗೆ ತಾಮ್ರ ವಿಷ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವುದೂ ತಾಮ್ರವೇ ಎಂದು ತೋಟದ ಮನೆಯವನಾದ ಭಾವನೇ ನೆನಪಿಸಿದ. ಎಲ್ಲ ಬಿಚ್ಚಿ ಪಿವಿಸಿ ಹಾಕಿದೆವು. ಸಂದಿಗೆ ಹಚ್ಚಿದ ಸಿಲಿಕಾನ್ ಹುಳಿ ವಾಸನೆ ಬಿಡುತ್ತಿರುವಷ್ಟು ದಿನ ಒಳಗೆ ಜೀವ ಇರುವ ಏನನ್ನೂ ಹಾಕಬೇಡಿ, ಅದೂ ಒಂದು.

ಇವೆಲ್ಲ ಸಿಗಡಿ ಸಾಯುವ ತಪ್ಪುಗಳು. ಇನ್ನು ಮನುಷ್ಯ ಸಾಯುವ ತಪ್ಪಿಗೆ ಬರುತ್ತೇನೆ.

ಪಂಪ್ ದೋಣಿಗಳಲ್ಲಿ ತಳದ ನೀರು ಎತ್ತಲು ಬಳಸುವ 12 ವೋಲ್ಟಿನದು, ಗಂಟೆಗೆ 500 ಗ್ಯಾಲನ್ ಅಂತ ಡಬ್ಬಿಯ ಮೇಲೆ. ಅಂದರೆ 1,900 ಲೀಟರ್ ಹತ್ತಿರ. ಅಷ್ಟು ಮೇಲೆತ್ತುವಾಗ ಕಡಿಮೆಯಾಗುತ್ತದೆ ಅಂದುಕೊಂಡರೂ ನನ್ನ ಟ್ಯಾಂಕಿಗೆ ನಿಮಿಷಕ್ಕೆ ಇಪ್ಪತ್ತೈದು ಲೀಟರ್ ಬೀಳುತ್ತಿತ್ತು, ಬಕೆಟ್ ಹಿಡಿದು ನಾನೇ ಅಳೆದಿದ್ದೆ. ಅದನ್ನು ಕೋಲಿನ ತುದಿಗೆ ಕಟ್ಟಿ ದೋಣಿಯ ಹಿಂಬದಿಯಿಂದ ನೀರಿಗಿಳಿಸಿದೆ. ಎಂಜಿನ್ ಸರಿಮಾಡಲು ಬಂದಿದ್ದ ಮೆಕ್ಯಾನಿಕ್, ಅಷ್ಟೆಲ್ಲ ಯಾಕೆ, ತಳದಲ್ಲಿ ಒಂದಿಂಚಿನ ತೂತು ಹೊಡೆದು ಪೈಪ್ ಕೂರಿಸಿಕೊಡುತ್ತೇನೆ ಅಂದಿದ್ದ. ಪುಣ್ಯಕ್ಕೆ ಒಪ್ಪಲಿಲ್ಲ. ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ ಒಂದಿಂಚಿನ ತೂತಿದ್ದು ಪೈಪ್ ಕಳಚಿದರೆ ನಿಮಿಷಕ್ಕೆ ಮೂವತ್ತೈದು ಲೀಟರಿನಷ್ಟು ಒಳಗೆ ನುಗ್ಗುತ್ತದೆ, ಸ್ವಿಚ್ ಆರಿಸಿದರೂ ನಿಲ್ಲುವುದಿಲ್ಲ.

ಹೊರಹೋಗುವ ಪೈಪ್ ಕೂಡ ಒಂದಿಂಚಿನದೇ. ಒಳಗೆ ಬರುವುದು ಮುಕ್ಕಾಲಿಂಚು, ಹೊರಗೆ ಹೋಗುವುದು ಒಂದಿಂಚು, ಇನ್ನೇನು ಬೇಕು ಅಂತ ನನ್ನ ಲೆಕ್ಕ. ನೀವೂ ಹೀಗೇ ಲೆಕ್ಕ ಹಾಕುತ್ತಿದ್ದರೆ ದಯವಿಟ್ಟು ಇಲ್ಲೇ ನಿಲ್ಲಿ. ಒಳಗೆ ಬರುವ ನೀರನ್ನು ಪಂಪ್ ಒತ್ತಿ ತಳ್ಳುತ್ತದೆ. ಹೊರಹೋಗುವ ನೀರಿಗೆ ಹಿಂದಿನಿಂದ ತಳ್ಳುವವರು ಯಾರೂ ಇಲ್ಲ, ಅದು ತೂತಿನ ಮೇಲೆ ತಾನು ಎಷ್ಟು ಎತ್ತರ ನಿಂತಿದೆಯೋ ಅಷ್ಟೇ ಜೋರಿನಲ್ಲಿ ಹೋಗಬೇಕು. ತೂತಿನ ಮೇಲೆ ಎರಡು ಬೆರಳು ಅಗಲ ನೀರಿದ್ದಾಗ ಒಂದಿಂಚಿನ ಪೈಪು ನಿಮಿಷಕ್ಕೆ ಹದಿನೈದು ಲೀಟರ್ ದಾಟಿಸುವುದೂ ಕಷ್ಟ. ದಡದ ಪರೀಕ್ಷೆಯಲ್ಲಿ ನೀರು ಏರುತ್ತ ಏರುತ್ತ ಅಂಚಿಗೆ ಸ್ವಲ್ಪ ಕೆಳಗೆ ಬಂದು ನಿಂತಿತು. ನಿಂತಿತಲ್ಲ ಅಂತ ಖುಷಿಪಟ್ಟು ಚಹಾ ಕುಡಿಯಲು ಹೋದೆ. ಆ ಹೊತ್ತಿಗೇ ತಿಳಿಯಬೇಕಿತ್ತು: ಪೈಪು ತನ್ನ ತಾಕತ್ತಿನ ತುದಿಯಲ್ಲಿದೆ, ಇನ್ನೊಂದು ಎಲೆ ಅಡ್ಡ ಬಂದರೆ ಮುಗಿಯಿತು.

ಆ ಪೈಪಿನ ಬಾಯಿಗೆ ಸಿಗಡಿ ತಪ್ಪಿಸಿಕೊಳ್ಳದಿರಲಿ ಅಂತ ಸೊಳ್ಳೆಪರದೆಯ ತುಂಡು ಕಟ್ಟಿದವನೂ ನಾನೇ.

ಟ್ಯಾಂಕ್ ಇಟ್ಟದ್ದು ಹಿಂದೆ, ಬಲಮಗ್ಗುಲಿಗೆ. ಕೈಗೆ ಸುಲಭ ಸಿಗುತ್ತದೆ ಅಂತ. ತೊಂಬತ್ತು ಲೀಟರ್ ನೀರು ಅಂದರೆ ತೊಂಬತ್ತು ಕಿಲೋ, ಸಮುದ್ರದ ನೀರು ಇನ್ನೂ ತುಸು ಭಾರ. ಮೂರನೆಯ ಮನುಷ್ಯನನ್ನು ಹತ್ತಿಸಿಕೊಂಡ ಹಾಗೆ. ಅದೂ ಎಂಥವನು, ದೋಣಿ ಯಾವ ಕಡೆ ವಾಲಿತೋ ಆ ಕಡೆಗೇ ಓಡಿಹೋಗಿ ಕೂರುವವನು. ಹೊರಡುವಾಗ ದಕ್ಕೆಯಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರು ನೋಡಿ ನಕ್ಕರು. "ಹ್ವಾಯ್, ದೋಣಿ ಒಳ್ಗೆ ನೀರ್ ತುಂಬ್ಸುಕೆ ಪಂಪ್ ಬೇರೆ ಬೇಕಾ ನಿಮ್ಗೆ? ಒಂದ್ ತೂತ್ ಹೊಡ್ದ್ರೆ ಸಾಕಿತ್ತಲೆ." ನಾವೂ ನಕ್ಕೆವು.

ಬೆಳಗಿನ ಹೊತ್ತು ಚೆನ್ನಾಗಿಯೇ ಹೋಯಿತು, ಸುಳ್ಳು ಹೇಳಬಾರದು. ಹತ್ತು ಗಂಟೆಗೂ ಸಿಗಡಿಗಳು ಗಾಜಿನ ಹಾಗೆ ಮಿಂಚುತ್ತಿದ್ದವು. ಎರಡು ಕೆಂಬೇರಿ ಸಿಕ್ಕಿದ್ದವು. ಹನ್ನೊಂದರ ಸುಮಾರಿಗೆ ಇಳಿತ ಶುರುವಾಗಿತ್ತು, ಪಡುವಣ ಗಾಳಿಯೂ ಎದ್ದಿತ್ತು. ಚಳಿಗಾಲದಲ್ಲಿ ನಮ್ಮ ಕಡೆ ಬೆಳಿಗ್ಗೆ ಭೂಮಿಯ ಕಡೆಯಿಂದ ಬೀಸುವ ಗಾಳಿ ಬಿಸಿಲೇರಿದ ಮೇಲೆ ಸಮುದ್ರದಿಂದ ತಿರುಗುತ್ತದೆ. ನದಿಯ ನೀರು ಹೊರಗೆ ಓಡುತ್ತಿರುವಾಗ ಗಾಳಿ ಎದುರು ಬಂದರೆ ಅಳಿವೆಯ ಬಾಯಲ್ಲಿ ತೆರೆಗಳು ಮೊಟಕಾಗಿ, ಕಡಿದಾಗಿ ಏಳುತ್ತವೆ. ಅದಕ್ಕೆ ಮೊದಲೇ ವಾಪಸಾಗಬೇಕು ಅಂತ ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಭಾವನ ಗಾಳಕ್ಕೆ ಕುರುಡಿ ಬಿತ್ತು.

ಆ ಮೀನಿನ ಹಿಂದೆ ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ, ಹತ್ತು ನಿಮಿಷ ಇರಬಹುದು. ಸತ್ತ ಒಂದು ಸಿಗಡಿ, ಬಲೆಯವರ ಬುಟ್ಟಿಯಿಂದ ಬಂದ ಎರಡು ಕಾಂಡ್ಲಾ ಎಲೆ ಚೂರು ಸೊಳ್ಳೆಪರದೆಗೆ ಅಂಟಿಕೊಂಡಿದ್ದವು. ಹರಿವು ಅವನ್ನು ಬಿಗಿಯಾಗಿ ಎಳೆದು ಕೂರಿಸಿತ್ತು, ಬಾಟಲಿಗೆ ಬಿರಡೆ ಹಾಕಿದ ಹಾಗೆ. ಟ್ಯಾಂಕಿನ ಅಂಚಿನಿಂದ ನೀರು ದೋಣಿಯೊಳಗೆ ಇಳಿಯುತ್ತಿತ್ತು, ಸದ್ದಿಲ್ಲದೆ, ಕಾಲ ಕೆಳಗಿನ ಹಲಗೆಗಳ ಅಡಿಗೆ. ಹಲಗೆಯ ಮೇಲೆ ತೇವ ಇತ್ತು, ಮೀನು ಹಿಡಿಯುವ ದೋಣಿಯಲ್ಲಿ ತೇವ ಯಾವಾಗ ಇರುವುದಿಲ್ಲ? ಲೆಕ್ಕ ಹಾಕಿದರೆ ಇನ್ನೂರು ಲೀಟರ್ ದಾಟಿತ್ತು. ಮೀನು ಒಳಗೆ ಬಂತು, ಭಾವ ಅದನ್ನು ಎತ್ತಲು ಬಲಕ್ಕೆ ಬಗ್ಗಿದ, ನಾನು ಫೋಟೋ ತೆಗೆಯಲು ಅದೇ ಕಡೆ ತಿರುಗಿದೆ. ದೋಣಿ ವಾಲಿತು. ಸಾಮಾನ್ಯವಾಗಿ ವಾಲಿದ ದೋಣಿ ಎದ್ದು ಬರುತ್ತದೆ. ಇದು ಬರಲಿಲ್ಲ. ಹಲಗೆಯಡಿಯ ನೀರೆಲ್ಲ ಗುಡುಗುಡು ಅನ್ನುತ್ತ ಬಲಕ್ಕೆ ಓಡಿತು, ಅದರ ಹಿಂದೆ ಟ್ಯಾಂಕಿನ ನೀರು. ಬಲದ ಅಂಚು ನದಿಗೆ ನಾಲ್ಕು ಬೆರಳು ಮೇಲಿತ್ತು.

ಇಬ್ಬರೂ ಎಡಕ್ಕೆ ಬಿದ್ದೆವು, ಅದೊಂದು ಸರಿಯಾಯಿತು. ಅಂಚು ಮೇಲೆದ್ದಿತು. ಪಂಪ್ ಸ್ವಿಚ್ ಆರಿಸಿ ಎಂಜಿನ್ ಕೀ ತಿರುಗಿಸಿದೆ. ಕಟ್ ಅಂತ ಒಂದು ಸದ್ದು. ಅಷ್ಟೇ. ಪಂಪನ್ನು ಎಂಜಿನ್ನಿನ ಬ್ಯಾಟರಿಗೇ ಜೋಡಿಸಿದ್ದೆನಲ್ಲ. ಎರಡೂವರೆ ಆಂಪಿಯರ್ ಎಳೆಯುವ ಪಂಪ್ ಬೆಳಗಿನಿಂದ ನಾಲ್ಕು ಗಂಟೆ ಓಡಿತ್ತು, ಬ್ಯಾಟರಿ ಮೊದಲೇ ಹಳೆಯದು. ಪಂಪ್ ತಿರುಗಿಸಲು ಸಾಲುವಷ್ಟು ಕರೆಂಟಿತ್ತು, ಎಂಜಿನ್ ಎಬ್ಬಿಸುವಷ್ಟಿರಲಿಲ್ಲ. ಕೈಯಿಂದ ಎಳೆದು ಸ್ಟಾರ್ಟ್ ಮಾಡುವ ಹಗ್ಗ ಸಾಮಾನಿನ ಡಬ್ಬಿಯಲ್ಲಿತ್ತು. ಡಬ್ಬಿ ಟ್ಯಾಂಕಿನ ಹಿಂದೆ ನೀರೊಳಗಿತ್ತು. ಲೈಫ್ ಜಾಕೆಟ್ ಎರಡೂ ದೋಣಿಯಲ್ಲೇ ಇದ್ದವು. ಮೈಮೇಲಲ್ಲ, ಕೂರುವ ಹಲಗೆಯ ಮೇಲೆ, ದಿಂಬಿನ ಹಾಗೆ.

ಇಳಿತ ನಮ್ಮನ್ನು ಅಳಿವೆಯ ಕಡೆ ಒಯ್ಯುತ್ತಿತ್ತು. ಭಾವ ಲಂಗರು ಎತ್ತಿಕೊಂಡು ತನಗೆ ಹತ್ತಿರವಿದ್ದ ಹಿಂಬದಿಯಿಂದಲೇ ಎಸೆಯಲು ಹೊರಟ. ನಾನು ಕೂಗಿದೆ, ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಹಿಂಬದಿ ತಗ್ಗು, ಎಂಜಿನ್ ಭಾರ ಬೇರೆ. ಅಲ್ಲಿಂದ ಲಂಗರು ಕಚ್ಚಿದರೆ ಹರಿವು ಹಿಂದಿನ ಹಲಗೆ ಹತ್ತಿ ಒಳಗೇ ಬರುತ್ತದೆ. ಮೂತಿಯ ಕಡೆಗೆ ತೆವಳಿಕೊಂಡು ಹೋಗಿ ಬಿಟ್ಟ, ಎರಡು ಸಲ ಜಾರಿ ಮೂರನೆಯದಕ್ಕೆ ಕಚ್ಚಿತು. ಆಮೇಲೆ ಸಿಗಡಿ ತಂದ ಬಕೆಟ್ಟಿನಿಂದಲೇ ನೀರು ಎತ್ತಿ ಹಾಕಿದೆವು. ಟ್ಯಾಂಕನ್ನು ಖಾಲಿ ಮಾಡಬೇಕು ಅನ್ನುವುದು ಹೊಳೆದದ್ದು ಎಷ್ಟೋ ಬಕೆಟ್ ಆದ ಮೇಲೆ. ಸಿಗಡಿಗಳ ಮೇಲೆ ಇನ್ನೂ ಮೋಹ ಇತ್ತೋ ಏನೋ. ಪಾತಿ ದೋಣಿಯಲ್ಲಿ ಬಲೆ ಬಿಡುತ್ತಿದ್ದ ಇಬ್ಬರು ನಮ್ಮ ಕೈಬೀಸು ಕಂಡು ಹುಟ್ಟು ಹಾಕುತ್ತ ಬಂದರು, ಅವರು ಕರೆದ ಎಂಜಿನ್ ದೋಣಿಯೊಂದು ನಮ್ಮನ್ನು ಕಟ್ಟಿ ಎಳೆದು ದಕ್ಕೆಗೆ ತಂದಿತು. ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554, ಎರಡೂ ನಂಬರ್ ನನ್ನ ಫೋನಿನಲ್ಲಿ ಇರಲಿಲ್ಲ. ಈಗ ಇವೆ. ದಕ್ಕೆಯ ಹಿರಿಯರು ಈ ಸಲ ನಗಲಿಲ್ಲ. ಟ್ಯಾಂಕಿನ ಒಳಗೆ ಸಿಗಡಿಗಳತ್ತ ಇಣುಕಿ ನೋಡಿ, "ಶೆಟ್ಲಿ ಮಾತ್ರ ಜೀವ ಇತ್" ಅಂದರು.

ದೋಣಿಯಲ್ಲಿ ಜೀವಂತ ಎರೆ ಒಯ್ಯುವುದೇ ತಪ್ಪು ಅನ್ನುತ್ತಿಲ್ಲ. ಲಕ್ಷದ್ವೀಪದ ಮಿನಿಕಾಯ್‌ನವರು ಲಗೂನಿನಲ್ಲಿ ಹಿಡಿದ ಸಣ್ಣ ಮೀನನ್ನು ದೋಣಿಯ ಟ್ಯಾಂಕಿನಲ್ಲಿ ಜೀವಂತ ಒಯ್ದು, ಅದನ್ನು ಎರಚಿ, ಕೋಲಿನ ಗಾಳದಲ್ಲಿ ಟ್ಯೂನಾ ಹಿಡಿಯುತ್ತಾರೆ. ಆದರೆ ಅವರ ಟ್ಯಾಂಕ್ ದೋಣಿ ಕಟ್ಟುವಾಗಲೇ ಅದರ ಒಡಲಿನ ಭಾಗವಾಗಿ ಬಂದದ್ದು. ನಾನು ಮಾಡಿದ್ದು ಕಟ್ಟಿ ಮುಗಿದ ದೋಣಿಯ ಮೂಲೆಗೆ ಡ್ರಮ್ ನಿಲ್ಲಿಸಿದ್ದು.

ಮಾಡಲೇಬೇಕು ಅನ್ನುವವರಿಗೆ, ನನ್ನ ಅನುಭವದಿಂದ ಇಷ್ಟು. ಹದಿನಾರು ಅಡಿಯೊಳಗಿನ ದೋಣಿಗೆ ನಲವತ್ತು ಲೀಟರಿಗಿಂತ ದೊಡ್ಡದು ಬೇಡ. ನಟ್ಟನಡುವೆ, ತಳಕ್ಕೆ ತಾಗಿ, ಬಿಗಿದು ಕಟ್ಟಿ, ಮುಚ್ಚಳ ಹಾಕಿ. ಹೊರಪೈಪ್ ಎರಡಿಂಚಿನದಿರಲಿ. ಒಂದಿಂಚಿಗಿಂತ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು ನೀರು ಬಿಡುತ್ತದೆ. ಅದರ ಮೇಲೆ ಇನ್ನೊಂದು ಹೆಚ್ಚುವರಿ ಪೈಪ್, ಎರಡೂ ದೋಣಿಯ ಹೊರಗೇ ಬೀಳಬೇಕು. ಬಾಯಿಗೆ ಚಪ್ಪಟೆ ಪರದೆ ಕಟ್ಟಬೇಡಿ, ಮೈತುಂಬ ತೂತಿರುವ ಉದ್ದನೆಯ ಪೈಪ್ ನಿಲ್ಲಿಸಿ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ಹೋಗುತ್ತದೆ. ಪಂಪಿಗೆ ಬೇರೆಯೇ ಬ್ಯಾಟರಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಕಾಲಡಿಯ ಒಂದು ಹಲಗೆ ಎತ್ತಿ ನೋಡುವಂತಿರಲಿ, ಅರ್ಧ ಗಂಟೆಗೊಮ್ಮೆ ನೋಡಿ, ಗಾಳಕ್ಕೆ ಮೀನು ಬಿದ್ದಾಗಂತೂ ಮೊದಲು ಪಂಪ್ ನಿಲ್ಲಿಸಿ.

ನನ್ನ ಮಟ್ಟಿಗೆ ಪಂಪಿನ ಸಹವಾಸವೇ ಬಿಟ್ಟೆ. ಮೂವತ್ತು ಡಿಗ್ರಿ ಬಿಸಿಯ ಸಮುದ್ರದ ನೀರು ಲೀಟರಿಗೆ ಆರು ಮಿಲಿಗ್ರಾಂ ಚಿಲ್ಲರೆ ಆಮ್ಲಜನಕವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ದೊಡ್ಡ ಟ್ಯಾಂಕ್ ಅನ್ನುವುದಕ್ಕಿಂತ ಎಷ್ಟು ಸಿಗಡಿ ತುರುಕಿದ್ದೇವೆ, ನೀರು ಎಷ್ಟು ತಂಪಿದೆ ಅನ್ನುವುದೇ ಮುಖ್ಯ. ಇಪ್ಪತ್ತು ಲೀಟರಿನ ಥರ್ಮೋಕೋಲ್ ಪೆಟ್ಟಿಗೆ, ಅಕ್ವೇರಿಯಂ ಅಂಗಡಿಯ ಬ್ಯಾಟರಿ ಗಾಳಿಯಂತ್ರ, ಗಂಟೆಗೊಮ್ಮೆ ಕಾಲು ಭಾಗ ನೀರನ್ನು ಚೊಂಬಿನಿಂದ ತೆಗೆದು ಹೊಸದು ಹಾಕುವುದು. ಹದಿನೈದು ಸಿಗಡಿಗಿಂತ ಜಾಸ್ತಿ ಒಯ್ಯುವುದಿಲ್ಲ. ಮಧ್ಯಾಹ್ನದವರೆಗೆ ಹತ್ತಾದರೂ ಒದೆಯುತ್ತಿರುತ್ತವೆ, ಅಷ್ಟು ಹೊತ್ತಿಗೆ ನಾನೂ ಮನೆಯಲ್ಲಿರುತ್ತೇನೆ.

ಆ 500 ಗ್ಯಾಲನ್ ಪಂಪ್ ಇನ್ನೂ ಚೆನ್ನಾಗಿದೆ, ಅಟ್ಟದ ಮೇಲಿದೆ. ಬೇಕಾದವರಿಗೆ ಪುಕ್ಕಟೆ ಕೊಡುತ್ತೇನೆ. ಬರುವಾಗ ನಿಮ್ಮ ಟ್ಯಾಂಕಿನ ಹೊರಪೈಪಿನ ಒಂದು ತುಂಡು ತಂದು ತೋರಿಸಿ. ನನ್ನ ಎರಡೂ ಹೆಬ್ಬೆರಳು ಒಟ್ಟಿಗೆ ಅದರೊಳಗೆ ಸಡಿಲವಾಗಿ ತಿರುಗದಿದ್ದರೆ ಪಂಪ್ ಇಲ್ಲ, ಚಹಾ ಕುಡಿದು ಹೋಗಬಹುದು.