ಗ್ಯಾಂಟ್ ಚಾರ್ಟ್ ಟೂಲ್ ಕೊಳ್ಳುವ ಮುಂಚೆ ಮೌಸ್ ಪಕ್ಕಕ್ಕಿಟ್ಟು ನೋಡಿ

ಆಫೀಸಿನಲ್ಲಿ ಹೊಸ ಪ್ರಾಜೆಕ್ಟ್ ಪ್ಲಾನಿಂಗ್ ಟೂಲ್ ತರುವ ಮಾತು ನಡೆಯುತ್ತಿದೆಯಾ? ಟಾಸ್ಕ್‌ಗಳನ್ನು ದಿನಾಂಕದ ಉದ್ದಕ್ಕೂ ಅಡ್ಡಪಟ್ಟಿಗಳಾಗಿ, ಯಾವುದರ ನಂತರ ಯಾವುದು ಎಂಬುದನ್ನು ಬಾಣಗಳಾಗಿ ತೋರಿಸುವ ಚಿತ್ರವೇ ಗ್ಯಾಂಟ್ ಚಾರ್ಟ್. ತಂಡದಲ್ಲಿ ಸ್ಕ್ರೀನ್ ರೀಡರ್ (ಪರದೆ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸುವವರು ಒಬ್ಬರಿದ್ದರೂ ಸರಿ, ದುಡ್ಡು ಕಟ್ಟುವ ಮೊದಲು ಇದನ್ನು ಓದಿಬಿಡಿ.

ನನಗೆ ಕಣ್ಣು ಕಾಣುವುದಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುತ್ತೇನೆ. ನಮ್ಮ ಕಂಪನಿ ಒಂದು ಆನ್‌ಲೈನ್ ಟೂಲ್ ಕೊಂಡಿತು. ಹೆಸರು ಹೇಳುವುದಿಲ್ಲ, ಯಾಕಂದ್ರೆ ಈ ರೋಗ ಅದೊಂದಕ್ಕೇ ಅಂಟಿದ್ದಲ್ಲ. ಮಾರಲು ಬಂದವರು ವಿಪ್ಯಾಟ್ (VPAT) ವರದಿ ಕಳಿಸಿದರು, ಅಂದರೆ ಟೂಲ್ ಅಂಗವಿಕಲರಿಗೂ ಬಳಸಲು ಎಷ್ಟು ಬರುತ್ತದೆ ಎಂದು ಹೇಳುವ ವರದಿ. ಅದರಲ್ಲಿ ಕೀಬೋರ್ಡ್ ಸಾಲಿನ ಎದುರು ‘ಸಪೋರ್ಟ್ಸ್’ ಎಂದಿತ್ತು. ಖರೀದಿ ವಿಭಾಗಕ್ಕೆ ಅಷ್ಟು ಸಾಕಾಯಿತು. ಆದರೆ ವಿಪ್ಯಾಟ್ ಸರ್ಟಿಫಿಕೇಟ್ ಅಲ್ಲ, ಬರೀ ಒಂದು ಫಾರಂ. ಹೆಚ್ಚಾಗಿ ಮಾರುವವರೇ ಅದನ್ನು ತುಂಬುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ? ಡೆಮೊ ಕೂಡ ಅವರದೇ. ಅದರಲ್ಲಿ ಪೂರ್ತಿ ಮೌಸ್ ಆಡಿತು.

ಪ್ಲಾನ್ ಎಲ್ಲ ಅದಕ್ಕೆ ತುಂಬಿಸಿದ ಮೇಲೆ ಬಣ್ಣ ಬಯಲಾಯಿತು. ಚಾರ್ಟ್ ಮೇಲೆ ಹೋದರೆ ಎನ್‌ವಿಡಿಎ ‘ಗ್ರಾಫಿಕ್’ ಎನ್ನುತ್ತದೆ, ಆಮೇಲೆ ಮೌನ. ಪಟ್ಟಿ, ಬಾಣ, ದಿನಾಂಕ ಎಲ್ಲವನ್ನೂ ಒಂದೇ ಕ್ಯಾನ್‌ವಾಸ್ ಮೇಲೆ ಚಿತ್ರದ ಹಾಗೆ ಬಿಡಿಸಿದ್ದರು. ಅದರ ಹಿಂದೆ ಓದಲು ಒಂದಕ್ಷರವೂ ಇಲ್ಲ. ಟೂಲ್‌ಬಾರ್‌ನಲ್ಲಿ ‘ಬಟನ್, ಬಟನ್, ಬಟನ್’. ಯಾವುದು ಸೇವ್, ಯಾವುದು ಡಿಲೀಟ್, ಒತ್ತಿಯೇ ನೋಡಬೇಕು! ಟಾಸ್ಕ್ ಮುಂದೂಡಬೇಕೆಂದರೆ ಪಟ್ಟಿಯನ್ನು ಎಳೆಯಬೇಕು, ಬೇರೆ ದಾರಿಯೇ ಇಲ್ಲ. ಎಲ್ಲ ಕೆಲಸವೂ ಕೀಬೋರ್ಡ್‌ನಿಂದ ಆಗಬೇಕು ಎಂದು ಅಂಗವಿಕಲರಿಗೂ ವೆಬ್ ಬಳಸಲು ಬರಬೇಕೆಂದು ಮಾಡಿದ ಮಾರ್ಗಸೂಚಿ ಡಬ್ಲ್ಯುಸಿಎಜಿ 2008ರಿಂದಲೇ ಹೇಳುತ್ತಿದೆ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಟಾಸ್ಕ್ ಲಿಸ್ಟ್, ಏಕೆಂದರೆ ಅದು ಸರಿಯಾಗಿ ಓದುವಂತೆ ಕಾಣುತ್ತದೆ. ಸಾಲು ಸಾಲಾಗಿ ಕೆಳಗೆ ಹೋಗುತ್ತೀರಿ, ‘ಔಟ್ ಆಫ್ ಟೇಬಲ್’ ಎನ್ನುತ್ತದೆ. ಟೇಬಲ್ ಮುಗಿಯಿತು ಎಂದುಕೊಳ್ಳುತ್ತೀರಿ. ಮುಗಿದಿರುವುದಿಲ್ಲ. ಪೇಜ್ ಬೇಗ ತೆರೆಯಲಿ ಎಂದು ಪರದೆ ಮೇಲೆ ಕಾಣುವ ಸಾಲುಗಳನ್ನಷ್ಟೇ ಅವರು ಲೋಡ್ ಮಾಡಿರುತ್ತಾರೆ. ಮಿಕ್ಕವು ಮೌಸ್‌ನಿಂದ ಸ್ಕ್ರೋಲ್ ಮಾಡಿದವರಿಗೆ ಮಾತ್ರ.

ಒಂದು ಸಲ ಡಿಸೈನ್ ತಡವಾಗಿ, ಅದಕ್ಕೆ ಕಟ್ಟಿದ್ದ ಟೆಸ್ಟಿಂಗ್ ತಾನಾಗಿ ಮುಂದೆ ಹೋಯಿತು. ರಿಲೀಸ್ ದಿನಾಂಕವೂ ಜಾರಿತು. ಪರದೆ ಮೇಲೆ ಪಟ್ಟಿಗಳು ಕೆಂಪಾದವಂತೆ. ಮೀಟಿಂಗ್‌ನಲ್ಲಿ ಜೂನಿಯರ್ ಹುಡುಗ ‘ಇದೇನ್ ಸಾರ್, ಎಲ್ಲಾ ಕೆಂಪಗಿದೆ?’ ಎಂದು ಕೇಳಿದಾಗಲೇ ನನಗೆ ತಿಳಿದದ್ದು. ಪ್ಲಾನ್ ನನ್ನದು, ಸುದ್ದಿ ಮಾತ್ರ ಕೊನೆಗೆ ನನಗೆ. ಕೆಂಪು ಬಣ್ಣ ಬಿಟ್ಟು ಬೇರೆ ಎಲ್ಲೂ ಒಂದು ಸೂಚನೆ ಇರಲಿಲ್ಲ.

ದೂರು ಕೊಟ್ಟರೆ ‘ಅಕ್ಸೆಸಿಬಿಲಿಟಿ ಮೋಡ್ ಆನ್ ಮಾಡಿ’ ಎಂದರು. ಮಾಡಿದೆ. ಅಕ್ಷರ ದೊಡ್ಡದಾಯಿತಂತೆ! ಆಮೇಲೆ ‘ನಮ್ಮ ರೋಡ್‌ಮ್ಯಾಪ್‌ನಲ್ಲಿದೆ’ ಎಂಬ ಮಾಮೂಲಿ ಉತ್ತರ.

ಬಿಟ್ಟು ಹೊರಡೋಣ ಎಂದರೆ ಅದೂ ಸುಲಭವಿಲ್ಲ. ಪಿಡಿಎಫ್ ಎಕ್ಸ್‌ಪೋರ್ಟ್ ಬರೀ ಚಿತ್ರ. ಸಿಎಸ್‌ವಿ ಫೈಲಿನಲ್ಲಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಾದಾ ಅಕ್ಷರದ ಫೈಲ್) ಟಾಸ್ಕ್ ಹೆಸರು, ದಿನಾಂಕ ಬಂದವು. ಯಾವುದು ಮುಗಿದ ಮೇಲೆ ಯಾವುದು ಎಂಬ ಕಾಲಂ ಮಾತ್ರ ಬರಲೇ ಇಲ್ಲ. ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಬಾಣವನ್ನೂ ಓದಿಸಿ ಬರೆದುಕೊಳ್ಳಬೇಕಾಯಿತು.

ಹಾಗಾಗಿ ಟ್ರಯಲ್ ಸಿಕ್ಕಾಗ ವರದಿ ಓದುತ್ತಾ ಕೂರಬೇಡಿ. ನಿಮ್ಮ ಸ್ಕ್ರೀನ್ ರೀಡರ್ ಹಾಕಿ ಎರಡು ಟಾಸ್ಕ್ ಮಾಡಿ, ಒಂದಕ್ಕೊಂದು ಕಟ್ಟಿ. ಮೊದಲನೆಯದನ್ನು ಮುಂದೂಡಿ, ಎರಡನೆಯದು ಯಾವ ದಿನಕ್ಕೆ ಹೋಯಿತು ಎಂದು ಯಾರನ್ನೂ ಕೇಳದೆ ಕಂಡುಹಿಡಿಯಿರಿ. ಆಗಲಿಲ್ಲವೆಂದರೆ ಆ ಟೂಲ್ ಬೇಡ. ಆಯಿತೆಂದರೆ, ನೂರಾರು ಸಾಲಿನ ಹಳೇ ಪ್ಲಾನ್ ಒಂದನ್ನು ಹಾಕಿ ಕೊನೇ ಸಾಲಿನವರೆಗೂ ಓದಿ. ಆಮೇಲೆ ಎಕ್ಸ್‌ಪೋರ್ಟ್ ಮಾಡಿ ಪ್ರಿಡಿಸೆಸರ್ ಕಾಲಂ, ಅಂದರೆ ಯಾವುದರ ನಂತರ ಯಾವುದು ಎಂಬ ಕಾಲಂ, ಇದೆಯಾ ನೋಡಿ. ಇದೆಲ್ಲ ಸಹಿ ಹಾಕುವ ಮುಂಚೆಯೇ ಆಗಬೇಕು. ಸಹಿ ಬಿದ್ದ ಮೇಲೆ ನಿಮ್ಮ ಮಾತು ಕೇಳುವವರಿಲ್ಲ.

ನಾನೀಗ ಎಕ್ಸೆಲ್‌ಗೆ ಮರಳಿದ್ದೇನೆ. ಟಾಸ್ಕ್, ಶುರು, ಎಷ್ಟು ದಿನ, ಯಾವುದರ ನಂತರ: ಗ್ಯಾಂಟ್ ಚಾರ್ಟ್‌ನ ಒಳಗೆ ಇರುವುದು ಇಷ್ಟೇ. ವರ್ಕ್‌ಡೇ ಫಾರ್ಮುಲಾ ಶನಿವಾರ, ಭಾನುವಾರ ಬಿಟ್ಟು ಮುಂದಿನ ದಿನಾಂಕ ಲೆಕ್ಕ ಹಾಕುತ್ತದೆ. ತಡವಾದ ಸಾಲಿಗೆ ಬಣ್ಣದ ಬದಲು ‘ತಡ’ ಎಂಬ ಪದ ಬರುತ್ತದೆ. ಚಿತ್ರವೇ ಬೇಕು ಎನ್ನುವವರಿಗೆ ಮರ್ಮೇಡ್ ಎಂಬ ಟೂಲ್ ಇದೆ. ಸಾದಾ ಅಕ್ಷರದಲ್ಲಿ ಸಾಲು ಬರೆದುಕೊಟ್ಟರೆ ಅದೇ ಚಾರ್ಟ್ ಬಿಡಿಸುತ್ತದೆ. ಏನಾದರೂ ತಪ್ಪಿದ್ದರೆ ನಾನು ಆ ಸಾಲಿನಲ್ಲೇ ತಿದ್ದುತ್ತೇನೆ.